ಟ್ಯಾಗ್ ಅಂಟಿಸಿದರೆ ಕಾನಿನಲ್ಲಿ ಬಿದ್ದ ಡ್ರೋನ್ ಸಿಗುತ್ತಾ?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವನು. 249 ಗ್ರಾಂ ತೂಕದ ಚಿಕ್ಕ ಡ್ರೋನ್ ಇಟ್ಟುಕೊಂಡು ಮದುವೆ, ಗೃಹಪ್ರವೇಶದ ವಿಡಿಯೊ ಮಾಡಿಕೊಡುತ್ತೇನೆ. ಕಳೆದ ತಿಂಗಳು ನಮ್ಮ ತೋಟದ ಮೇಲೆ ಹಾರಿಸುವಾಗ ಅದು ಸೊಪ್ಪಿನ ಬೆಟ್ಟದ ಆಚೆ ಹೋಗಿ ಸಿಗ್ನಲ್ ತಪ್ಪಿತು. ಮೂರು ದಿನ ಹುಡುಕಿದ ಮೇಲೆ ಒಂದು ಮತ್ತಿಮರದ ಬುಡದಲ್ಲಿ ಸಿಕ್ಕಿತು. ಇನ್ನು ಮುಂದೆ ಹೀಗಾಗಬಾರದು ಅಂತ ಏರ್‌ಟ್ಯಾಗ್ (ಕಳೆದ ವಸ್ತು ಹುಡುಕಲು ಆಪಲ್ ಕಂಪನಿ ಮಾಡಿದ ಬಿಲ್ಲೆ) ಅಂಟಿಸೋಣ ಅಂದುಕೊಂಡಿದ್ದೇನೆ. ಅದು ಸಾಕಾ? ಇಲ್ಲ, ಸಿಮ್ ಹಾಕುವ ಜಿಪಿಎಸ್ ಟ್ರ್ಯಾಕರ್ ತಗೊಳ್ಳಬೇಕಾ?

ಉತ್ತರ: ಮೂರನೇ ದಿನಕ್ಕಾದರೂ ಸಿಕ್ಕಿತಲ್ಲ, ಕೇಳಿ ಸಮಾಧಾನವಾಯಿತು. ನಮ್ಮ ಕಡೆ ಬೆಟ್ಟಕ್ಕೆ ಬಿದ್ದ ಡ್ರೋನ್ ಮಳೆಗಾಲಕ್ಕೆ ಮುಂಚೆ ಸಿಗದಿದ್ದರೆ ಆಮೇಲೆ ತರಗೆಲೆ, ಹಾವಸೆ ಎಲ್ಲ ಮುಚ್ಚಿ ಸಿಗುವುದೇ ಇಲ್ಲ. ಹೊಸದು ತಗೊಳ್ಳುವುದೂ ಈಗ ಸುಲಭವಲ್ಲ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದೇಶಿ ಡ್ರೋನ್‌ಗಳ ಆಮದು ನಿಲ್ಲಿಸಿತು. ಬಿಡಿಭಾಗ ತರಿಸಬಹುದು, ಇಡೀ ಡ್ರೋನ್ ತರಿಸುವ ಹಾಗಿಲ್ಲ. ಹಾಗಾಗಿ ಇರುವುದನ್ನು ಉಳಿಸಿಕೊಳ್ಳುವ ದಾರಿ ನೋಡಲೇಬೇಕು.

ನಿಮ್ಮ ಪ್ರಶ್ನೆಗೆ ಮೊದಲು ನೇರ ಉತ್ತರ ಕೊಡುತ್ತೇನೆ. ಏರ್‌ಟ್ಯಾಗ್ ಒಂದನ್ನೇ ನಂಬಿ ಬೆಟ್ಟದ ಕಡೆ ಹಾರಿಸಬೇಡಿ. ಸಿಮ್ ಟ್ರ್ಯಾಕರ್ ನಿಮ್ಮ ಡ್ರೋನ್‌ಗೆ ಭಾರವಾಗುತ್ತದೆ. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸುಮ್ನೆ ದುಡ್ಡು ಹಾಕಿ ಆಮೇಲೆ ಬೇಜಾರು ಮಾಡಿಕೊಂಡವರನ್ನು ನಾನು ತುಂಬ ನೋಡಿದ್ದೇನೆ.

ಏರ್‌ಟ್ಯಾಗ್ ಒಳಗೆ ಜಿಪಿಎಸ್ ಇದೆ ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಇಲ್ಲ. ಅದರಲ್ಲಿರುವುದು ಸಣ್ಣ ಬ್ಲೂಟೂತ್ ಸಿಗ್ನಲ್. ಹತ್ತಿರದಲ್ಲಿ ಯಾರದ್ದಾದರೂ ಐಫೋನ್ ಹಾದುಹೋದರೆ ಆ ಫೋನ್ ಈ ಸಿಗ್ನಲ್ ಕೇಳಿಸಿಕೊಳ್ಳುತ್ತದೆ. ತಾನು ಎಲ್ಲಿದ್ದೇನೆ ಅನ್ನುವುದನ್ನು ಇಂಟರ್ನೆಟ್ ಮೂಲಕ ಕಳಿಸುತ್ತದೆ. ಅದೇ ನಿಮ್ಮ ನಕ್ಷೆಯಲ್ಲಿ ಕಾಣುತ್ತದೆ. ಅಂದರೆ ದಾರಿಯಲ್ಲಿ ಹೋಗುವವರ ಫೋನ್ ಇಲ್ಲದಿದ್ದರೆ ಟ್ಯಾಗ್ ಮೂಕ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬ್ಯಾಗ್ ಕಳೆದುಕೊಂಡರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಸೊಪ್ಪಿನ ಬೆಟ್ಟದಲ್ಲಿ ದಿನಕ್ಕೆ ಎಷ್ಟು ಐಫೋನ್ ಓಡಾಡುತ್ತವೆ ಹೇಳಿ.

ಆಂಡ್ರಾಯ್ಡ್ ಟ್ಯಾಗ್‌ಗಳ ಕಥೆ ಇನ್ನೂ ಕಷ್ಟ. ಗೂಗಲ್‌ನ ಹುಡುಕುವ ಜಾಲದಲ್ಲಿ, ನಾವು ಸೆಟ್ಟಿಂಗ್ ಬದಲಾಯಿಸದಿದ್ದರೆ, ಜನ ಜಾಸ್ತಿ ಓಡಾಡುವ ಜಾಗಗಳಲ್ಲಿ ಮಾತ್ರ ಫೋನ್‌ಗಳು ಸಹಾಯ ಮಾಡುತ್ತವೆ. ಒಂದೇ ಫೋನ್ ಕೇಳಿಸಿಕೊಂಡರೆ ಸಾಲದು, ಹಲವು ಫೋನ್‌ಗಳು ಕೇಳಿಸಿಕೊಳ್ಳಬೇಕು. ಜನರ ಖಾಸಗಿತನ ಕಾಯಲು ಮಾಡಿದ ಏರ್ಪಾಡು ಅದು, ಒಳ್ಳೆಯದೇ. ಆದರೆ ಕಾನಿನಲ್ಲಿ ಬಿದ್ದ ಡ್ರೋನ್‌ಗೆ ಅದರಿಂದ ಉಪಯೋಗವಿಲ್ಲ.

ಹಾಗಂತ ಟ್ಯಾಗ್ ಪೂರ್ತಿ ದಂಡ ಅನ್ನುವುದಿಲ್ಲ. ಅದರ ಸೆಲ್ ಸುಮಾರು ಒಂದು ವರ್ಷ ಬಾಳುತ್ತದೆ. ಡ್ರೋನ್ ಬ್ಯಾಟರಿ ಸತ್ತು ನಾಲ್ಕು ದಿನವಾದ ಮೇಲೂ, ನೀವು ಹತ್ತು ಹದಿನೈದು ಮೀಟರ್ ಹತ್ತಿರ ಹೋದರೆ ನಿಮ್ಮ ಫೋನ್‌ನಿಂದಲೇ ಅದನ್ನು ಕೂಗಿಸಬಹುದು. ಹತ್ತಿರದ ಕೆಲಸಕ್ಕೆ ಟ್ಯಾಗ್ ಒಳ್ಳೆಯದು, ದೂರದ ಕೆಲಸಕ್ಕೆ ಅಲ್ಲ.

ಇನ್ನು ಸಿಮ್ ಟ್ರ್ಯಾಕರ್. ಇದರಲ್ಲಿ ನಿಜವಾದ ಜಿಪಿಎಸ್ ಇರುತ್ತದೆ. ಜಾಗ ಕಂಡುಹಿಡಿದು ಮೊಬೈಲ್ ಟವರ್ ಮೂಲಕ ನಿಮಗೆ ಕಳಿಸುತ್ತದೆ. ಆದರೆ ಟವರ್ ಸಿಗಬೇಕಲ್ಲ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠ ಕೇಳಲು ಮಕ್ಕಳು ಗುಡ್ಡ ಹತ್ತಿ ಕೂತಿದ್ದು ನಮ್ಮ ಮಲೆನಾಡಿನಲ್ಲೇ. ಈಗ ಎಷ್ಟೋ ಕಡೆ ಟವರ್ ಬಂದಿದೆ, ನಿಜ. ಆದರೂ ಅಡಿಕೆ ತೋಟ ಇರುವುದೇ ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ. ಅಲ್ಲಿ ನೆಲದ ಮಟ್ಟದಲ್ಲಿ ಸಿಗ್ನಲ್ ಬರುವುದು ಅದೃಷ್ಟದ ಮಾತು.

ತಗೊಳ್ಳುವವರು ಒಂದು ವಿಷಯ ನೋಡಿಕೊಳ್ಳಬೇಕು. ಕಡಿಮೆ ಬೆಲೆಯ ಎಷ್ಟೋ ಟ್ರ್ಯಾಕರ್‌ಗಳು 2ಜಿ ಮಾತ್ರ ಬಳಸುತ್ತವೆ. ಜಿಯೊಗೆ 2ಜಿ ಜಾಲವೇ ಇಲ್ಲ, ಹಾಗಾಗಿ ಆ ಸಿಮ್ ಹಾಕಿದರೆ ಟ್ರ್ಯಾಕರ್ ಬಾಯಿ ಬಿಡುವುದಿಲ್ಲ. 2ಜಿ ಮಾಡ್ಯೂಲ್‌ಗಳಲ್ಲಿ ಇನ್ನೂ ಒಂದು ತೊಂದರೆ ಇದೆ. ಸಿಗ್ನಲ್ ಕಳಿಸುವಾಗ ಅವು ಕ್ಷಣಮಾತ್ರ 2 ವ್ಯಾಟ್‌ವರೆಗೆ ಶಕ್ತಿ ಉಗುಳುತ್ತವೆ. ಡ್ರೋನ್‌ನ ಜಿಪಿಎಸ್ ಆಂಟೆನಾ ಪಕ್ಕದಲ್ಲೇ ಅಂಟಿಸಿದರೆ, ಉಪಗ್ರಹದಿಂದ ಬರುವ ತೀರ ಸಣ್ಣ ಸಿಗ್ನಲ್ ಇದರ ಗದ್ದಲದಲ್ಲಿ ಮುಳುಗಬಹುದು. ಕಳೆದುಹೋಗಬಾರದು ಅಂತ ಅಂಟಿಸಿದ್ದೇ ಕಳೆದುಹೋಗಲು ಕಾರಣವಾಗುತ್ತದೆ.

ಸಿಮ್ ಟ್ರ್ಯಾಕರ್‌ಗೆ ಒಂದು ಒಳ್ಳೆಯ ಗುಣವೂ ಇದೆ, ಅದನ್ನೂ ಹೇಳಬೇಕು. ನೆಲದಲ್ಲಿ ನೆಟ್‌ವರ್ಕ್ ಇಲ್ಲದ ಕಡೆಯೂ ನೂರು ಮೀಟರ್ ಮೇಲೆ ಹೋದರೆ ದೂರದ ಟವರ್ ಸಿಗುವುದುಂಟು. ಹತ್ತು ಹದಿನೈದು ಸೆಕೆಂಡಿಗೊಮ್ಮೆ ಜಾಗ ಕಳಿಸುವಂತೆ ಇಟ್ಟಿದ್ದರೆ, ಬೀಳುವ ಮುಂಚಿನ ಕೊನೆಯ ಜಾಗ ನಿಮ್ಮ ಕೈಗೆ ಬಂದಿರುತ್ತದೆ. ರಿಮೋಟ್ ಸಂಪರ್ಕ ತಪ್ಪಿದ ಮೇಲೆ ಗಾಳಿಗೆ ಸಿಕ್ಕಿ ಎತ್ತಲೋ ಹೋದ ಡ್ರೋನ್‌ಗೆ ಇದು ನಿಜವಾಗಿ ಸಹಾಯ. ಆದರೆ ಇವುಗಳ ತೂಕ ಸಾಮಾನ್ಯವಾಗಿ 20ರಿಂದ 50 ಗ್ರಾಂ. ಎರಡು ಕಿಲೊ ತೂಗುವ ಡ್ರೋನ್‌ಗೆ ಸರಿ, ನಿಮ್ಮ 249 ಗ್ರಾಂನದ್ದಕ್ಕೆ ಅಲ್ಲ.

ತೂಕದ ಮಾತು ಬಂತು, ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ. ಅದರ ಮೇಲೆ 2 ಕಿಲೊವರೆಗೆ ಮೈಕ್ರೊ. ಲೆಕ್ಕ ಹಾಕುವುದು ಹಾರುವಾಗಿನ ಒಟ್ಟು ತೂಕವನ್ನು, ಮೇಲೆ ಕಟ್ಟಿದ್ದೂ ಸೇರಿ. ಏರ್‌ಟ್ಯಾಗ್ 11 ಗ್ರಾಂ. 249ಕ್ಕೆ 11 ಸೇರಿದರೆ 260. ಒಂದು ಬಿಲ್ಲೆಯಷ್ಟು ವಸ್ತು ಅಂಟಿಸಿದ್ದಕ್ಕೆ ನಿಮ್ಮ ಡ್ರೋನ್ ಬೇರೆ ವರ್ಗಕ್ಕೆ ಹೋಯಿತು. ಮೈಕ್ರೊ ಡ್ರೋನನ್ನು ದುಡ್ಡು ತಗೊಂಡು ಹಾರಿಸುವವರಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು, ವಿಮೆ ಬೇಕು. ನೀವು ಮದುವೆ ಕೆಲಸ ಮಾಡುತ್ತೀರಿ. ಮಂಟಪದ ಮೇಲೆ, ಜನರ ತಲೆ ಮೇಲೆ ಏನಾದರೂ ಆಗಿ ಯಾರಾದರೂ ತೂಕ ಹಾಕಿಸಿದರೆ ಟ್ಯಾಗ್ ನಿಮ್ಮನ್ನೇ ಸಿಕ್ಕಿಹಾಕಿಸುತ್ತದೆ. ಕೆಲವರು ಏರ್‌ಟ್ಯಾಗ್ ಬಿಚ್ಚಿ ಕವಚ ಕಿತ್ತು ಹಗುರ ಮಾಡುತ್ತಾರೆ. ಸೆಲ್ ಒಂದೇ ಸುಮಾರು 3 ಗ್ರಾಂ ಇದೆ. ಎಷ್ಟು ಕೆತ್ತಿದರೂ ನೀವು 250ರ ಒಳಗೆ ಬರುವುದಿಲ್ಲ. ಸ್ಪೀಕರ್ ಕಿತ್ತರೆ ಅದರ ಕೂಗೂ ಹೋಯಿತು, ನಮಗೆ ಬೇಕಿದ್ದದ್ದೇ ಅದು.

ಹಾಗಾದರೆ ಕಾಡಿನಲ್ಲಿ ಯಾವುದು ಕೆಲಸ ಮಾಡುತ್ತದೆ? ಬೇರೆಯವರ ಫೋನನ್ನಾಗಲಿ, ಟವರನ್ನಾಗಲಿ ನಂಬದೆ, ತಾನೇ ನಿಮ್ಮ ಕೈಯಲ್ಲಿರುವ ರಿಸೀವರ್ ಜೊತೆ ನೇರ ಮಾತಾಡುವ ರೇಡಿಯೊ. ಇದೇನೂ ಹೊಸದಲ್ಲ. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿ ಅಧ್ಯಯನ ಮಾಡಿದರು. ಕಾಲರ್ ಟಿಕ್ ಟಿಕ್ ಅನ್ನುತ್ತಿರುತ್ತದೆ. ಕೈಯಲ್ಲಿ ಆಂಟೆನಾ ಹಿಡಿದು ತಿರುಗಿಸುತ್ತ ಹೋದರೆ ಸದ್ದು ಎತ್ತ ಜೋರು ಅಂತ ಗೊತ್ತಾಗುತ್ತದೆ. ಡ್ರೋನ್ ಹುಡುಕುವ ಬೀಕನ್ ಕೂಡ ಇದೇ ತತ್ವ.

ಕಾಡಿಗೆ ಕಡಿಮೆ ಫ್ರೀಕ್ವೆನ್ಸಿ ಯಾಕೆ ಒಳ್ಳೆಯದು ಅಂದರೆ, ಹಸಿ ಎಲೆ ಅಂದರೆ ನೀರು. ಬ್ಲೂಟೂತ್, ವೈಫೈ ಓಡುವ 2.4 ಗಿಗಾಹರ್ಟ್ಸ್ ಅಲೆಯನ್ನು ನೀರು ತುಂಬಿದ ಎಲೆ ಬೇಗ ನುಂಗುತ್ತದೆ. 433 ಅಥವಾ 866 ಮೆಗಾಹರ್ಟ್ಸ್ ಅಲೆ ಅದಕ್ಕಿಂತ ಚೆನ್ನಾಗಿ ನುಗ್ಗುತ್ತದೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. 433ರಲ್ಲೂ ತೀರ ಕಡಿಮೆ ಶಕ್ತಿಯವಕ್ಕೆ ಅವಕಾಶ ಇದೆ. ಆದರೆ ಅಮೆರಿಕದಿಂದ ಯಾರಾದರೂ ತಂದುಕೊಡುವ 915 ಮೆಗಾಹರ್ಟ್ಸ್ ಬೀಕನ್ ಇಲ್ಲಿ ಹಾಕಬೇಡಿ. ಅಲ್ಲಿ ಅದು ಎಲ್ಲರಿಗೂ ಬಿಟ್ಟ ಜಾಗ, ಇಲ್ಲಿ ಹಾಗಲ್ಲ. ಉಪಗ್ರಹಕ್ಕೆ ಮೆಸೇಜ್ ಕಳಿಸುವ ಟ್ರ್ಯಾಕರ್‌ಗಳನ್ನಂತೂ ಮುಟ್ಟಲೇಬೇಡಿ. ಅನುಮತಿ ಇಲ್ಲದೆ ಅಂಥದ್ದು ಇಟ್ಟುಕೊಂಡು ಪೊಲೀಸರ ಕೈಗೆ ಸಿಕ್ಕವರಿದ್ದಾರೆ.

ಕೈಯಲ್ಲೇ ಡ್ರೋನ್ ಜೋಡಿಸುವವರಿಗೆ ನಾನು ಹೇಳುವುದು ಲೋರಾ ಬೋರ್ಡ್. ಲೋರಾ ಅಂದರೆ ಕಡಿಮೆ ಶಕ್ತಿಯಲ್ಲೇ ದೂರ ಮುಟ್ಟುವ ರೇಡಿಯೊ. ಚಿಕ್ಕ ಜಿಪಿಎಸ್, ಲೋರಾ ರೇಡಿಯೊ, ಸ್ವಂತ ಸಣ್ಣ ಬ್ಯಾಟರಿ. ನಿಮ್ಮ ಕೈಯಲ್ಲಿ ಅಂಥದ್ದೇ ಇನ್ನೊಂದು ಬೋರ್ಡ್. ಬಯಲಿನಲ್ಲಿ ಕೆಲವು ಕಿಲೋಮೀಟರ್ ದೂರ ಹೋಗುತ್ತದೆ. ಕಾನಿನ ಒಳಗೆ ಬಿದ್ದರೆ ಕೆಲವು ನೂರು ಮೀಟರ್ ಅಷ್ಟೆ. ಹಾಗಾಗಿ ಮೊದಲು ಎದುರಿನ ಗುಡ್ಡದ ನೆತ್ತಿಗೆ ಹತ್ತಿ ಅಲ್ಲಿಂದ ಕೇಳಿ. ತಗ್ಗಿನಲ್ಲಿ ನಿಂತು ದಿಕ್ಕು ನೋಡಿದರೆ ಒದ್ದೆ ಬಂಡೆಗೆ ಬಡಿದು ವಾಪಸು ಬರುವ ಸಿಗ್ನಲ್ ನಿಮ್ಮನ್ನು ತಪ್ಪು ಕಡೆ ಎಳೆಯುತ್ತದೆ. ದಿಕ್ಕು ಹಿಡಿಯುವ ಆಂಟೆನಾ ಇಲ್ಲದಿದ್ದರೆ ರಿಸೀವರನ್ನು ಎದೆಗೆ ಒತ್ತಿ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿ. ಸಿಗ್ನಲ್ ಎಲ್ಲಿ ತೀರ ಕಮ್ಮಿ ಆಗುತ್ತದೋ ಆಗ ಡ್ರೋನ್ ನಿಮ್ಮ ಬೆನ್ನ ಹಿಂದೆ ಇದೆ. ನಿಮ್ಮ ಮೈಯೇ ಅದನ್ನು ತಡೆಯುತ್ತಿದೆ. ಎರಡು ಬೇರೆ ಜಾಗದಲ್ಲಿ ಹೀಗೆ ನೋಡಿ, ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲಿಗೆ ಹೋಗಿ.

ಎಂಥ ಟ್ರ್ಯಾಕರ್ ಆದರೂ ಹತ್ತು ಇಪ್ಪತ್ತು ಮೀಟರ್ ಹತ್ತಿರಕ್ಕೆ ಕರೆದುಕೊಂಡು ಹೋಗಿ ಕೈ ಬಿಡುತ್ತದೆ. ದಟ್ಟ ಮರದ ಕೆಳಗೆ ಜಿಪಿಎಸ್ ಅಷ್ಟೇ ನಿಖರ. ಇಪ್ಪತ್ತು ಮೀಟರ್ ಅಂದರೆ ಬಯಲಿನಲ್ಲಿ ಏನೂ ಅಲ್ಲ. ಕುರುಚಲು, ಬೆತ್ತದ ಹಿಂಡಿಲು, ಇಂಬಳ ಇರುವ ಕಡೆ ಅದು ಅರ್ಧ ದಿನದ ಕೆಲಸ. ಕೊನೆಯ ಆ ಇಪ್ಪತ್ತು ಮೀಟರಿಗೆ ಬೇಕಾದದ್ದು ಸದ್ದು.

ಇದು ನನಗೆ ಅನುಭವದಿಂದಲೇ ಗೊತ್ತಾಗಿದ್ದು. ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಕಡೆಯ ಒಂದು ತೋಟದಲ್ಲಿ ಸಂಜೆ ಹಾರಿಸುತ್ತಿದ್ದೆ. ನಾನೇ ಜೋಡಿಸಿದ ಡ್ರೋನ್ ಅದು. ಮಂಜು ಇಳಿಯಿತು. ವಾಪಸು ಬರಲು ಬಟನ್ ಒತ್ತಿದೆ. ವಾಪಸು ಬರುವ ಎತ್ತರವನ್ನು 40 ಮೀಟರಿಗೆ ಇಟ್ಟಿದ್ದೆ. ನಡುವೆ ಇದ್ದ ದಿಬ್ಬ, ಅದರ ಮೇಲಿನ ಮರ ಎರಡೂ ಸೇರಿ ಅದಕ್ಕಿಂತ ಎತ್ತರ ಇದೆ ಅನ್ನುವುದು ನನ್ನ ತಲೆಗೆ ಬರಲಿಲ್ಲ. ಎಲೆಗೆ ಬಡಿದ ಸದ್ದು ಕೇಳಿತು, ಪರದೆ ಕಪ್ಪಾಯಿತು. ಕೊನೆಯ ಜಾಗ ಒಂದು ಹಳ್ಳದ ಮಧ್ಯ ತೋರಿಸುತ್ತಿತ್ತು. ನೀರಿಗೆ ಬಿತ್ತು ಅಂತ ಎದೆ ಒಡೆಯಿತು. ಟಾರ್ಚ್ ಹಿಡಿದು ಎರಡು ಗಂಟೆ ಹಳ್ಳ ತಡಕಾಡಿದೆವು. ಜೀರುಂಡೆ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಆರು ಗಂಟೆಗೆ ತೋಟದ ಯಜಮಾನರೇ ಕರೆದು, ಏನೋ ಹಕ್ಕಿ ಒಂದೇ ಸಮ ಕೂಗುತ್ತಿದೆ ಅಂದರು. ಅದು ಹಕ್ಕಿ ಅಲ್ಲ, ಡ್ರೋನ್‌ಗೆ ಕಟ್ಟಿದ್ದ ಬಜರ್, ಅಂದರೆ ಕೂಗುವ ಸಣ್ಣ ಸಾಧನ. ಹಳ್ಳದಿಂದ ಮೂವತ್ತು ಮೀಟರ್ ಆಚೆ ಅಡಿಕೆ ಮರದ ತಲೆಯಲ್ಲಿ ಸೋಗೆ ನಡುವೆ ಸಿಕ್ಕಿಕೊಂಡಿತ್ತು. ಅಡಿಕೆ ಕೊಯ್ಯುವ ಕೊನೆಗಾರರೊಬ್ಬರು ಐದು ನಿಮಿಷದಲ್ಲಿ ಹತ್ತಿ ಇಳಿಸಿಕೊಟ್ಟರು.

ಈ ಬಜರ್‌ಗೆ ಸ್ವಂತ ಬ್ಯಾಟರಿ ಇರುತ್ತದೆ. ಡ್ರೋನ್‌ನ ದೊಡ್ಡ ಬ್ಯಾಟರಿ ಕಿತ್ತುಹೋದರೂ ಗಂಟೆಗಟ್ಟಲೆ ಕೂಗುತ್ತದೆ. ಕೆಲವೇ ಗ್ರಾಂ ತೂಕ. ಜೋಡಿಸುವ ಡ್ರೋನ್‌ಗಳಿಗೆ ಇದಕ್ಕಿಂತ ಒಳ್ಳೆಯ ಟ್ರ್ಯಾಕರ್ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ತೊಂದರೆ, ಅದರ ಕೂಗು ಜೀರುಂಡೆ ಕೂಗಿನಷ್ಟೇ ಕೀರಲು. ಏಪ್ರಿಲ್, ಮೇ ತಿಂಗಳ ಸಂಜೆಯಲ್ಲಿ ಎರಡೂ ಒಂದೇ ಆಗಿ ಕೇಳುತ್ತವೆ. ಕೀರಲು ಸದ್ದು ಯಾವ ಕಡೆಯಿಂದ ಬಂತು ಅಂತ ನಮ್ಮ ಕಿವಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಬೇಗ ಹೋಗಿ. ಇಬ್ಬರು ಹೋಗಿ, ದೂರ ದೂರ ನಿಂತು ಕೇಳಿ, ಇಬ್ಬರೂ ಕೈ ತೋರಿಸಿ.

ನಿಮ್ಮ ಡ್ರೋನ್ ಕಂಪನಿಯಿಂದ ಮುಚ್ಚಿ ಬಂದದ್ದು. ಒಳಗೆ ಬಜರ್ ವೈರ್ ಕೊಡಲು ಜಾಗವಿಲ್ಲ, ತೂಕಕ್ಕೂ ಜಾಗವಿಲ್ಲ. ಆದರೆ ನಿಮಗೆ ಬೇಕಾದ ಅರ್ಧ ಕೆಲಸ ಅದರಲ್ಲೇ ಇದೆ. ಡಿಜೆಐ ಡ್ರೋನ್ ಆದರೆ ಆ್ಯಪ್‌ನಲ್ಲಿ ಡ್ರೋನ್ ಹುಡುಕುವ ಆಯ್ಕೆ ಇದೆ. ಕೊನೆಯ ಜಾಗ ತೋರಿಸುತ್ತದೆ. ಬ್ಯಾಟರಿ ಇನ್ನೂ ಜೀವಂತ ಇದ್ದು ರಿಮೋಟ್ ಸಂಪರ್ಕ ಸಿಕ್ಕರೆ, ಡ್ರೋನ್ ದೀಪ ಮಿನುಗಿಸಿ ಬೀಪ್ ಕೂಡ ಮಾಡುತ್ತದೆ.

ಎಷ್ಟೋ ಜನ ತಪ್ಪು ಮಾಡುವುದು ಇಲ್ಲೇ. ಸಿಗ್ನಲ್ ಹೋದ ಕೂಡಲೇ ಗಾಬರಿಯಾಗಿ ರಿಮೋಟ್ ಆಫ್ ಮಾಡಿ ಬೈಕ್ ಹತ್ತುತ್ತಾರೆ. ಮಾಡಬೇಡಿ. ಮೊದಲು ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಅಕ್ಷಾಂಶ ರೇಖಾಂಶ ಬರೆದುಕೊಳ್ಳುವಾಗ ಚುಕ್ಕಿಯ ಮುಂದೆ ಐದು ಅಂಕಿ ಬರಲಿ. ಐದು ಅಂಕಿ ಇದ್ದರೆ ಸುಮಾರು ಒಂದು ಮೀಟರ್ ಲೆಕ್ಕ. 13.92 ಅಂತ ಎರಡೇ ಅಂಕಿ ಬರೆದುಕೊಂಡರೆ ಒಂದು ಕಿಲೋಮೀಟರ್ ಆಚೀಚೆ ಹುಡುಕಬೇಕಾಗುತ್ತದೆ. ಆಮೇಲೆ ರಿಮೋಟ್ ಆನ್ ಇಟ್ಟುಕೊಂಡೇ ಎತ್ತರದ ಜಾಗಕ್ಕೆ ಹೋಗಿ, ಅಲ್ಲಿಂದ ಬಿದ್ದ ಕಡೆ ನಡೆಯಿರಿ. ಒಂದು ಹಂತದಲ್ಲಿ ಸಂಪರ್ಕ ಮತ್ತೆ ಹತ್ತಿಕೊಳ್ಳಬಹುದು. ಹತ್ತಿಕೊಂಡ ಕ್ಷಣ ಬೀಪ್ ಒತ್ತಿ. ಬ್ಯಾಟರಿ ಮುಗಿಯುವವರೆಗೆ ಮಾತ್ರ ಇದು ಸಾಧ್ಯ, ಅದಕ್ಕೇ ಮೊದಲ ಒಂದು ಗಂಟೆ ಬಂಗಾರದಂಥದ್ದು. ಅವತ್ತು ನೀವು ರಿಮೋಟ್ ಹಿಡಿದೇ ಬೆಟ್ಟ ಹತ್ತಿದ್ದರೆ ಬಹುಶಃ ಸಂಜೆಯೊಳಗೆ ಸಿಗುತ್ತಿತ್ತು.

ಕೊನೆಯ ಜಾಗ ಅಂದರೆ ಬಿದ್ದ ಜಾಗ ಅಲ್ಲ, ಅದು ಕೊನೆಯ ಸಲ ಮಾತಾಡಿದ ಜಾಗ. 80 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುತ್ತಿದ್ದದ್ದು ಮೋಟಾರ್ ನಿಂತು ಬಿದ್ದರೆ ನೆಲ ಮುಟ್ಟಲು ನಾಲ್ಕು ಸೆಕೆಂಡ್ ಬೇಕು. ಅಷ್ಟರಲ್ಲಿ ಮೂವತ್ತು ನಲವತ್ತು ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ನಕ್ಷೆಯಲ್ಲಿ ಕಾಣುವ ಆ ಚುಕ್ಕಿಯ ಸುತ್ತ ಅಲ್ಲ, ಅದು ಹೋಗುತ್ತಿದ್ದ ದಿಕ್ಕಿನಲ್ಲಿ ಮುಂದೆ ಹುಡುಕಿ. ನೆಲ ನೋಡಿದಷ್ಟೇ ಮೇಲೂ ನೋಡಿ. ಮರದ ಮೇಲೆ ಇದ್ದರೆ ನೀವು ಹತ್ತಬೇಡಿ. ಅಡಿಕೆ ಮರವಾದರೆ ಕೊನೆಗಾರರನ್ನು ಕರೆಯಿರಿ. ಕೊಯ್ಲಿಗೆ ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಇದ್ದರೆ ಅದರಲ್ಲೇ ತಳ್ಳಬಹುದು, ಕೆಳಗೆ ನಾಲ್ಕು ಜನ ಕಂಬಳಿ ಹಿಡಿದು ನಿಲ್ಲಲಿ.

ವಾಪಸು ಬರುವ ಎತ್ತರದ ಲೆಕ್ಕವನ್ನು ಪ್ರತಿ ಸಲ ಹಾರಿಸುವ ಮುಂಚೆ ಮಾಡಿ. ಆ ಎತ್ತರವನ್ನು ಡ್ರೋನ್ ಅಳೆಯುವುದು ನೀವು ಹಾರಿಸಿದ ಜಾಗದಿಂದ. ನೀವು ನಿಂತಿರುವುದು ತೋಟದ ತಗ್ಗಿನಲ್ಲಿ. ಬೆಟ್ಟ 50 ಮೀಟರ್ ಏರಿದ್ದು, ಅದರ ಮೇಲೆ 30 ಮೀಟರಿನ ಮರ ಇದ್ದರೆ 80 ಆಯಿತು. ಅದಕ್ಕಿಂತ 15 ಮೀಟರ್ ಜಾಸ್ತಿ ಇಡಿ. ಸಾಧ್ಯವಾದರೆ ತಗ್ಗಿನಿಂದ ಹಾರಿಸುವುದನ್ನೇ ಬಿಟ್ಟು ದಿಬ್ಬದ ಮೇಲೆ ನಿಂತು ಹಾರಿಸಿ, ಸಿಗ್ನಲ್ ತಪ್ಪುವುದೇ ಕಡಿಮೆಯಾಗುತ್ತದೆ.

ನಿಮ್ಮ ಡ್ರೋನ್‌ಗೆ ನಾನು ಅಂಟಿಸುವುದು ಎರಡೇ. ಒಂದು, ಬೆಳಕು ಬಿದ್ದರೆ ಹೊಳೆಯುವ ಕಿತ್ತಳೆ ಬಣ್ಣದ ಟೇಪಿನ ಸಣ್ಣ ತುಂಡು, ತೋಳುಗಳ ಮೇಲೆ. ಬೂದು ಬಣ್ಣದ ಡ್ರೋನ್ ತರಗೆಲೆಯಲ್ಲಿ ಎರಡು ಮಾರು ದೂರದಿಂದಲೂ ಕಾಣುವುದಿಲ್ಲ. ಟೇಪ್ ಇದ್ದರೆ ರಾತ್ರಿ ಟಾರ್ಚಿಗೆ ಕಣ್ಣು ಬಿಟ್ಟಂತೆ ಹೊಳೆಯುತ್ತದೆ. ಎರಡು, ನಿಮ್ಮ ಫೋನ್ ನಂಬರ್ ಬರೆದ ತೆಳು ಚೀಟಿ. ಕನ್ನಡದಲ್ಲಿ, ‘ಸಿಕ್ಕರೆ ದಯವಿಟ್ಟು ಕರೆ ಮಾಡಿ’ ಅಂತ. ಬೆಟ್ಟದಲ್ಲಿ ನಿಜವಾಗಿ ಓಡಾಡುವವರು ದನ ಕಾಯುವವರು, ತರಗೆಲೆ ಗುಡಿಸುವವರು, ಉಪ್ಪಾಗೆ ಆರಿಸುವವರು, ಜೇನು ಹುಡುಕುವವರು. ಅವರ ಕಣ್ಣಿಗೆ ಬೀಳದೆ ಅಲ್ಲಿ ಏನೂ ಇರುವುದಿಲ್ಲ. ಎಷ್ಟೋ ಡ್ರೋನ್‌ಗಳು ಅವರ ಕೈಗೆ ಸಿಕ್ಕು, ಯಾರದ್ದು ಅಂತ ಗೊತ್ತಾಗದೆ ಅಟ್ಟದ ಮೇಲೆ ಕೂತಿವೆ. ಟೇಪು, ಚೀಟಿ ಎರಡೂ ಸೇರಿ ಒಂದು ಗ್ರಾಂ ಒಳಗೇ ಇರಬೇಕು. ಅಂಟಿಸಿದ ಮೇಲೆ ಬಂಗಾರದ ಅಂಗಡಿಯಲ್ಲಿ ಒಮ್ಮೆ ತೂಗಿಸಿ. ಹೊಟ್ಟೆ ಕೆಳಗಿನ ಸೆನ್ಸರ್, ಗಾಳಿ ಕಿಂಡಿ ಮುಚ್ಚಬೇಡಿ.

ಮುಂದೆ ದೊಡ್ಡ ಡ್ರೋನ್ ತಗೊಂಡು, ಸರ್ಟಿಫಿಕೇಟ್ ಮಾಡಿಸಿಕೊಂಡರೆ ಆಗ ಬಜರ್, ಲೋರಾ, ಟ್ಯಾಗ್ ಮೂರೂ ಹಾಕಿ. ಟ್ಯಾಗ್‌ನ ಸ್ಪೀಕರಿನಲ್ಲಿ ಆಯಸ್ಕಾಂತ ಇದೆ, ಡ್ರೋನ್‌ನ ದಿಕ್ಸೂಚಿಯಿಂದ ದೂರ ಇಡಿ. ಕಾರ್ಬನ್ ಫೈಬರ್ ತಟ್ಟೆಗಳ ನಡುವೆ ಆಂಟೆನಾ ತುರುಕಬೇಡಿ, ಅದು ರೇಡಿಯೊ ಅಲೆ ತಡೆಯುತ್ತದೆ.

ಹುಡುಕಲು ಹೋಗುವ ಬೆಟ್ಟ ನಿಮ್ಮದೇ ಆದರೆ ಸರಿ. ಶರಾವತಿ ಕಣಿವೆ, ಭದ್ರಾ, ಕುದುರೆಮುಖದಂಥ ರಕ್ಷಿತ ಕಾಡಿನೊಳಗೆ ಬಿದ್ದರೆ ಅರಣ್ಯ ಇಲಾಖೆಯವರಿಗೆ ಹೇಳಿಯೇ ಒಳಗೆ ಕಾಲಿಡಿ. ಅಂಥ ಕಾಡಿನ ಮೇಲೆ ಅನುಮತಿ ಇಲ್ಲದೆ ಹಾರಿಸುವುದೂ ಬೇಡ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕು. ಮೂರು ದಿನ ಕಾಡಿನಲ್ಲಿ ಬಿದ್ದಿದ್ದ ಆ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಿದ್ದೀರಾ? ಹಾಕಿಲ್ಲದಿದ್ದರೆ ಹಾಕಬೇಡಿ. ಪೆಟ್ಟು ಬಿದ್ದ, ನೀರು ಕುಡಿದ ಲಿಥಿಯಂ ಬ್ಯಾಟರಿ ನೋಡಲು ಚೆನ್ನಾಗಿದ್ದರೂ ಚಾರ್ಜ್ ಮಾಡುವಾಗ ಹೊತ್ತಿಕೊಳ್ಳಬಹುದು. ಹುಲ್ಲು, ಸೋಗೆ, ಕಟ್ಟಿಗೆ ಇರುವ ಕೊಟ್ಟಿಗೆಯಲ್ಲಂತೂ ಇಡಬೇಡಿ. ಮನೆಯಿಂದ ದೂರ, ಮಣ್ಣಿನ ಮಡಕೆಯಲ್ಲಿ ಮರಳು ಹಾಕಿ ಅದರೊಳಗೆ ಇಡಿ. ಶಿವಮೊಗ್ಗ ಕಡೆ ಬಂದಾಗ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಟ್ಟು ಹೊಸ ಬ್ಯಾಟರಿ ಹಾಕಿಕೊಳ್ಳಿ.